ಹಗೇವಿನ ಬಾಯಿ ಬೇಗ ತೆಗೆಯಬೇಡಿ: ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಹೋದ ನವೆಂಬರ್‌ನಲ್ಲಿ ಕಲಬುರಗಿಗೆ ಹೋಗಿದ್ದೆ. ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ಪೆನ್ಶನ್ ತಗೊಳ್ಳುವವರು 'ನಾನಿನ್ನೂ ಬದುಕಿದ್ದೇನೆ' ಅಂತ ಬರೆದುಕೊಡುವ ತಿಂಗಳು ಅದು. ಸಾಲಿನಲ್ಲಿ ಅಪ್ಪನ ಜೊತೆ ಚಿತ್ತಾಪುರದಲ್ಲಿ ಮಾಸ್ತರಿಕೆ ಮಾಡಿದವರೊಬ್ಬರು ಸಿಕ್ಕರು.

"ಅಮೆರಿಕಾದಾಗ ನಿಂಗ ಪೆನ್ಶನ್ ಎಷ್ಟ್ ಬರ್ತದೋ ತಮ್ಮಾ?"

"ಅಲ್ಲಿ ನಮಗ ಪೆನ್ಶನ್ ಇಲ್ರಿ ಸರ. ನಾವೇ ಕೂಡಿಡಬೇಕು."

"ಹಂಗಾದ್ರ ಅಷ್ಟ್ ದೂರ ಯಾಕ್ ಹೋದಿ?"

ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಈ 'ಕೂಡಿಡೋದು' ಅನ್ನುವುದನ್ನು ಕಲಿಯಲು ನಾನು ಎಷ್ಟು ದಂಡ ಕಟ್ಟಿದೆ ಅನ್ನೋದು ಚೆನ್ನಾಗಿ ನೆನಪಿದೆ. ಅದನ್ನೇ ಹೇಳುತ್ತೇನೆ.

ಊರಲ್ಲಿ ಪಿಎಫ್ ಹಿಡಿಯುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ. 12 ಪರ್ಸೆಂಟ್ ಮುರಿದುಕೊಂಡೇ ಸಂಬಳ ಕೊಡುತ್ತಾರೆ. ಇಲ್ಲಿ ನನ್ನನ್ನು ಕೇಳಿದರು. ಮೊದಲ ದಿನದ ಕಾಗದದ ಕಟ್ಟಿನಲ್ಲಿ 401(ಕೆ) ಅಂತ ಒಂದಿತ್ತು. ಕಂಪನಿಯ ಮೂಲಕ ಮುದಿತನಕ್ಕೆ ಕೂಡಿಡುವ ಖಾತೆ ಅದು, ಸಂಬಳದಲ್ಲಿ ಎಷ್ಟು ಪರ್ಸೆಂಟ್ ಹಾಕಲಿ ಅಂತ ಕೇಳಿದ್ದರು. ನಾನು ಸೊನ್ನೆ ಬರೆದೆ. ಎರಡು ವರ್ಷ ದುಡಿದು ಊರಿಗೆ ಹೋಗುವವನಿಗೆ ಇಲ್ಲಿನ ಮುದಿತನದ ಉಸಾಬರಿ ಯಾಕೆ ಅಂತ. ಆ ಎರಡು ವರ್ಷ ಈಗ ಹದಿನೇಳಾಗಿದೆ.

ಆ ಸೊನ್ನೆಗೆ ನಾನು ಕಳೆದುಕೊಂಡಿದ್ದು ಇಷ್ಟು. ನನ್ನ ಸಂಬಳ ಆಗ ವರ್ಷಕ್ಕೆ 80,000 ಡಾಲರ್. ನಾನು 6 ಪರ್ಸೆಂಟ್ ಹಾಕಿದರೆ ಕಂಪನಿ ಅದರ ಅರ್ಧ ಹಾಕುತ್ತಿತ್ತು. ಇದಕ್ಕೆ ಮ್ಯಾಚ್ ಅಂತಾರೆ. ಅಂದರೆ ವರ್ಷಕ್ಕೆ 2,400 ಡಾಲರ್ ಸುಮ್ನೆ ಸಿಗುತ್ತಿತ್ತು. ಮೂರು ವರ್ಷ ಬಿಟ್ಟೆ, 7,200 ಹೋಯಿತು. ಇದೇ ಮನುಷ್ಯ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ಎರಡು ಡಾಲರ್ ಜಾಸ್ತಿ ಅಂತ ಚೀಲ ವಾಪಸ್ ಇಟ್ಟು ಬರುತ್ತಿದ್ದ! ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇದ್ದರೂ 401(ಕೆ) ನಿಮಗೂ ಉಂಟು. ಬೇರೇನೂ ಆಗದಿದ್ದರೂ ಮ್ಯಾಚ್ ಪೂರ್ತಿ ಸಿಗುವಷ್ಟು ಹಾಕಿ.

ಕೊನೆಗೆ ನಾಲ್ಕನೇ ವರ್ಷ ಶುರು ಮಾಡಿದೆ. ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು.

ನಮ್ಮ ಅಜ್ಜನ ಮನೆ ಮುಂದೆ ಹಗೇವು ಇತ್ತು, ನೆಲದೊಳಗೆ ಕಾಳು ತುಂಬಿಡುವ ಗುಂಡಿ. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಮಳೆ ಕೈಕೊಟ್ಟ ವರ್ಷಕ್ಕೆ ಅಂತ ಇಡೋದು. ತೆಗೆದ ಕೂಡಲೇ ಒಳಗೆ ಇಳಿಯಲು ಅಜ್ಜ ಬಿಡುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವವೇ ಹೋಗುತ್ತದೆ ಅಂತ ಬೈಯುತ್ತಿದ್ದ. ನಾನು 401(ಕೆ)ಯಲ್ಲಿ ಹಾಗೇ ಇಳಿದೆ. ಕೆಲಸ ಬದಲಿಸಿದಾಗ ಹಳೇ ಕಂಪನಿಯ ಖಾತೆಯಲ್ಲಿ 18,000 ಡಾಲರ್ ಇತ್ತು. ಕಲಬುರಗಿಯಲ್ಲಿ ಸೇಡಂ ರೋಡಿನ ಕಡೆ ಒಂದು ಪ್ಲಾಟ್ ಇದೆ, ಈಗ ಬಿಟ್ಟರೆ ಸಿಗೋದಿಲ್ಲ ಅಂತ ಕಾಕಾ ಫೋನ್ ಮಾಡಿದ. ಚೆಕ್ ನನ್ನ ಹೆಸರಿಗೇ ಕಳಿಸಿ ಅಂದೆ. ತೆರಿಗೆಗೆ ಅಂತ ಮೊದಲೇ 20 ಪರ್ಸೆಂಟ್ ಹಿಡಿದು 14,400 ಬಂತು. ಮುಗೀತು ಅಂದುಕೊಂಡೆ. ಮುಂದಿನ ಏಪ್ರಿಲ್‌ನಲ್ಲಿ ಟ್ಯಾಕ್ಸ್ ಲೆಕ್ಕ ಹಾಕಿದರೆ ಅಷ್ಟೂ ಹಣ ಆ ವರ್ಷದ ಆದಾಯ. ಮೇಲೆ 10 ಪರ್ಸೆಂಟ್ ದಂಡ, 59 ವರ್ಷ ಆರು ತಿಂಗಳು ತುಂಬುವ ಮೊದಲೇ ತೆಗೆದಿದ್ದಕ್ಕೆ. ಇನ್ನೂ ಎರಡು ಸಾವಿರ ಚಿಲ್ಲರೆ ಕೈಯಿಂದ ಕಟ್ಟಿದೆ. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಕೆಲಸ ಬಿಟ್ಟಾಗ ಹಣವನ್ನು ಹಳೇ ಖಾತೆಯಿಂದ ಹೊಸ ಕಂಪನಿಯ ಪ್ಲಾನ್‌ಗೋ, ಐಆರ್‌ಎ ಅನ್ನುವ, ಮುದಿತನಕ್ಕೆ ನಾವೇ ತೆರೆದುಕೊಳ್ಳುವ ಖಾತೆಗೋ ನೇರವಾಗಿ ಕಳಿಸಿ ಅನ್ನಬೇಕು. ಡೈರೆಕ್ಟ್ ರೋಲ್‌ಓವರ್ ಅಂದರೆ ಅವರಿಗೆ ಗೊತ್ತಾಗುತ್ತದೆ. ಆಗ ದಂಡವೂ ಇಲ್ಲ, ಹಿಡಿಯೋದೂ ಇಲ್ಲ. ಚೆಕ್ ಕೈಗೇ ಬಂದುಬಿಟ್ಟಿದ್ದರೂ 60 ದಿನದೊಳಗೆ ಪೂರ್ತಿ ಮೊತ್ತ ವಾಪಸ್ ಹಾಕಿದರೆ ಬಚಾವ್. ಆದರೆ ಹಿಡಿದುಕೊಂಡ ಆ 20 ಪರ್ಸೆಂಟನ್ನೂ ಸದ್ಯಕ್ಕೆ ನೀವೇ ಎಲ್ಲಿಂದಾದರೂ ಹೊಂದಿಸಬೇಕು.

ಇನ್ನೊಂದು ಮಾತು, ವೆಸ್ಟಿಂಗ್. ನೀವು ಹಾಕಿದ್ದು ಯಾವತ್ತೂ ನಿಮ್ಮದೇ. ಕಂಪನಿ ಹಾಕಿದ್ದು ಮಾತ್ರ ಕೆಲವು ಕಡೆ ಮೂರು ವರ್ಷ ತುಂಬಿದ ಮೇಲೆ, ಕೆಲವು ಕಡೆ ಆರು ವರ್ಷದ ತನಕ ಸ್ವಲ್ಪಸ್ವಲ್ಪವಾಗಿ ನಿಮ್ಮದಾಗುತ್ತದೆ. ಆಳಂದದ ಕಡೆಯ ಗೆಳೆಯನೊಬ್ಬ ಮೂರು ವರ್ಷಕ್ಕೆ ಎರಡು ತಿಂಗಳಿರುವಾಗ ಸಿಟ್ಟಿನಲ್ಲಿ ರಾಜೀನಾಮೆ ಕೊಟ್ಟ. ಕಂಪನಿಯ ಪಾಲು ಅಷ್ಟೂ ಹೋಯಿತು. ಸಿಟ್ಟು ಮಾಡಿಕೊಳ್ಳಿ, ಬೇಡ ಅನ್ನಲ್ಲ. ತಾರೀಖು ನೋಡಿ ಮಾಡಿಕೊಳ್ಳಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 2025ರಲ್ಲಿ 401(ಕೆ)ಗೆ ನಾವು ಹಾಕಬಹುದಾಗಿದ್ದ ಮಿತಿ 23,500 ಡಾಲರ್ ಇತ್ತು. ಖಾತೆಯಲ್ಲಿ ಎರಡು ಬಗೆ: ರಾತ್ ಅಂದರೆ ಹಾಕುವ ಹಣಕ್ಕೆ ಈಗ ತೆರಿಗೆ ಕಟ್ಟೋದು, ಸಾಂಪ್ರದಾಯಿಕ ಅಂದರೆ ಆಮೇಲೆ ತೆಗೆಯುವಾಗ. ಸಂಬಳದಲ್ಲಿ 6.2 ಪರ್ಸೆಂಟ್ ಕಟ್ಟಾಗುವ ಸೋಶಿಯಲ್ ಸೆಕ್ಯೂರಿಟಿ, ಅಂದರೆ ಮುದಿತನಕ್ಕೆ ಸರ್ಕಾರ ಕೊಡುವ ಹಣ, ಅದೇ ಬೇರೆ. ಅದು ಸಿಗಲು 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕೇ, ಅಂದರೆ ಹತ್ತು ವರ್ಷದ ದುಡಿಮೆ. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲ. ಒಂಬತ್ತು ವರ್ಷಕ್ಕೇ ವಾಪಸ್ ಹೋದವರು ಕಟ್ಟಿದ್ದು ಹೋದಂತೆಯೇ. ಊರಿಗೆ ಹೋಗುತ್ತೇವೆ ಅಂತ 401(ಕೆ) ಒಡೆಯಬೇಕಿಲ್ಲ, ಅದು ಅಲ್ಲೇ ಬೆಳೆಯಲಿ.

ಖಾತೆಗೆ ವಾರಸುದಾರರ ಹೆಸರನ್ನೂ ತುಂಬಿ. ನಾನು ವರ್ಷಗಟ್ಟಲೆ ಆ ಜಾಗ ಖಾಲಿ ಬಿಟ್ಟಿದ್ದೆ. ನಾನು ಸತ್ತರೆ ಅನ್ನುವ ಮಾತು ಬಾಯಿಂದ ಬಂದರೆ ಅವ್ವ ಈಗಲೂ 'ಬಿಡ್ತು ಅನ್ನು' ಅಂತಾಳೆ. ಆ ಭಯ ಕೈಗೂ ಬಂದಿತ್ತು.

ಮೊನ್ನೆ ಊರಲ್ಲಿದ್ದಾಗ ಮಗಳಿಗೆ ಆ ಪ್ಲಾಟ್ ತೋರಿಸಿದೆ. ತುಂಬಾ ಜಾಲಿ ಬೆಳೆದಿತ್ತು. ಅವಳಿಗೆ ಹದಿಮೂರು. "ಪಪ್ಪಾ, ಇಲ್ಲಿ ಯಾರು ಇರ್ತಾರೆ?" ಅಂದಳು. ನಾವೇ ಅನ್ನಲು ಬಾಯಿ ಬರಲಿಲ್ಲ. ನೋಡೋಣ ಅಂದೆ.

ಮನೆಗೆ ಬಂದು ಅಪ್ಪನ ಪೆಟ್ಟಿಗೆಯಲ್ಲಿ ಬೇರೇನೋ ಹುಡುಕುವಾಗ ರಸೀದಿಗಳ ಕಟ್ಟು ಸಿಕ್ಕಿತು. ಆ ಪ್ಲಾಟಿನ ತೆರಿಗೆ. ಒಂದು ವರ್ಷವೂ ತಪ್ಪಿಸಿಲ್ಲ, ತನ್ನ ಪೆನ್ಶನ್ನಿನಲ್ಲೇ ತುಂಬುತ್ತಾ ಬಂದಿದ್ದಾನೆ.