ಹನ್ನೆರಡು ಅಡಿಯ ತೋಟದ ಕುಳ್ಳ: ಕಾಸರಗೋಡಿನ ಮಳೆಗೆ ಜಗ್ಗದ ಹಾಗೆ ಕಟ್ಟುವ ಕ್ರಮ

ಕೆಂಪು ಚೂಪು ಟೊಪ್ಪಿ, ಎದೆ ಮುಚ್ಚುವ ಬಿಳಿ ಗಡ್ಡ, ಗುಂಡು ಮೂಗು. ತೋಟದಲ್ಲಿ ಇಡುವ ಕುಳ್ಳನ ಬೊಂಬೆ, ಗಾರ್ಡನ್ ನೋಮ್ ಎಂದರೆ ಇಷ್ಟೇ. ಜರ್ಮನಿಯ ತುರಿಂಗಿಯಾದಲ್ಲಿ ಸುಟ್ಟ ಮಣ್ಣಿನಿಂದ ಮಾಡುತ್ತಿದ್ದಾಗ ಅವನು ಮೊಣಕಾಲೆತ್ತರ ಇದ್ದರೆ ಹೆಚ್ಚು. ಅವನನ್ನೇ ಮರದೆತ್ತರಕ್ಕೆ ಬೆಳೆಸಿ ದಾರಿಹೋಕರು ಕಾರು ನಿಲ್ಲಿಸುವ ಹಾಗೆ ಮಾಡಿದವರು ಆಮೇಲಿನವರು. ನ್ಯೂಯಾರ್ಕ್ ರಾಜ್ಯದ ಕರ್ಹಾಂಕ್ಸನ್‌ನಲ್ಲಿ 2006ರಲ್ಲಿ ಎದ್ದ ಕುಳ್ಳ ಹದಿಮೂರೂವರೆ ಅಡಿ, ಅಯೋವಾದ ರೀಮನ್ ಗಾರ್ಡನ್ಸ್‌ನ ಕಾಂಕ್ರೀಟ್ ಕುಳ್ಳ 15 ಅಡಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟದ ಬದಿಯಲ್ಲಿ ಸೀಯಾಳ, ಹಣ್ಣು, ಗಿಡ ಮಾರುವವರಿಗೆ ಇಂಥವನೊಬ್ಬ ನಿಜವಾಗಿ ಉಪಯೋಗಕ್ಕೆ ಬರುತ್ತಾನೆ. ಆದರೆ ಇಲ್ಲಿ ಅವನು ಎದುರಿಸಬೇಕಾದ್ದು ಮಳೆಯನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಳಗೆ ಇಳಿಯುತ್ತದೆ ಎಂಬ ಒಂದೇ ಲೆಕ್ಕದ ಮೇಲೆ ಉಳಿದದ್ದೆಲ್ಲ ನಿಂತಿದೆ. ಒಳ್ಳೆಯ ಕಾಂಕ್ರೀಟ್ ಕೇರಳದ ಮಳೆಯಲ್ಲಿ ಬಾಳುತ್ತದೆ ಎಂಬುದಕ್ಕೆ ನಮ್ಮದೇ ಜಿಲ್ಲೆಯ ಶಿಲ್ಪಿ ಕಾನಾಯಿ ಕುಂಞಿರಾಮನ್ ಮಲಂಪುಳದಲ್ಲಿ 1969ರಲ್ಲಿ ಮುಗಿಸಿದ 30 ಅಡಿಯ ಯಕ್ಷಿಯೇ ಸಾಕ್ಷಿ.

ಜಾಗ

ಸ್ವಂತ ಜಾಗದಲ್ಲೇ ಕಟ್ಟಿ. ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಿದೆ. ರಸ್ತೆಯ ಗಡಿಯಿಂದ ಕನಿಷ್ಠ 3 ಮೀಟರ್ ಬಿಡಿ, ನಕ್ಷೆ ಹಿಡಿದು ಮೊದಲು ಪಂಚಾಯತ್ ಕಚೇರಿಗೆ ಹೋಗಿ. ತಿರುವಿನಲ್ಲಿ ಬೇಡವೇ ಬೇಡ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ನೋಡಿ, ನಿಧಾನಿಸಿ, ಬದಿಗೆ ಎಳೆಯಲು ಆರೇಳು ಸೆಕೆಂಡು ಬೇಕಾದರೆ 100 ಮೀಟರ್ ದೂರದಿಂದಲೇ ಅವನು ಕಾಣಬೇಕು. ಎರಡು ಕಾರು ರಸ್ತೆ ಬಿಟ್ಟು ನಿಲ್ಲುವಷ್ಟು ಅಂಗಳವೂ ಬೇಕು. ಅದಿಲ್ಲದಿದ್ದರೆ ಕೆಲಸಕ್ಕೆ ಕೈಹಾಕಬೇಡಿ, ಅಪಘಾತ ನಿಮ್ಮ ಗೇಟಿನ ಎದುರೇ ಆಗುತ್ತದೆ. ಮುಖ ರಸ್ತೆಗೆ ನೇರ ಬೇಡ, ಹೆಚ್ಚು ವಾಹನ ಬರುವ ದಿಕ್ಕಿಗೆ ಓರೆಯಾಗಿ ತಿರುಗಿರಲಿ.

ರೂಪ

12 ಅಡಿಯಲ್ಲಿ ಟೊಪ್ಪಿಗೆ 4, ಮುಖಕ್ಕೆ 2, ಮೈಗೆ ನಾಲ್ಕೂವರೆ, ಬೂಟಿಗೆ ಒಂದೂವರೆ ಅಡಿ. ಗಡ್ಡ ಮೈಯ ಅರ್ಧದವರೆಗೆ ಇಳಿಯಲಿ. ಮೂಗು ಒಂದು ಅಡಿಗೆ ಕಡಿಮೆಯಾದರೆ ದೂರಕ್ಕೆ ಮುಖ ಚಪ್ಪಟೆ ಕಾಣುತ್ತದೆ. ಟೊಪ್ಪಿಯ ಬದಲು ಅಡಿಕೆ ಹಾಳೆಯ ಮುಟ್ಟಾಳೆ ಇಡುವ ಆಸೆ ಹಲವರಿಗೆ ಬರುತ್ತದೆ. ಬೇಡ, ಚೂಪು ಟೊಪ್ಪಿ ಹೋದರೆ ಅವನು ಬರೀ ಗಡ್ಡದ ಮುದುಕ. ಊರಿನ ಗುರುತು ಕೈಯಲ್ಲಿರಲಿ: ಒಂದು ಅಡಿಕೆಗೊನೆ, ಇಲ್ಲವೇ ಪಿಕ್ಕಾಸು. ಇನ್ನೊಂದು ಎಚ್ಚರಿಕೆ, ನಮ್ಮ ನಾಡಿಗೆ ಮಾತ್ರ ಅನ್ವಯಿಸುವಂಥದ್ದು. ಕೆಂಪು ಮೈ, ಅರಳಿದ ಕಣ್ಣು, ಹೊರಗೆ ಕಾಣುವ ಹಲ್ಲು ಮೂರೂ ಸೇರಿದರೆ ಜನ ದೈವವೆಂದು ಕೈಮುಗಿಯುತ್ತಾರೆ. ಅಂಗಿ ನೀಲಿಯೋ ಹಸಿರೋ ಇರಲಿ, ಕಣ್ಣು ಕಿರಿದಾಗಿ ನಗಲಿ, ಬಾಯಿ ಗಡ್ಡದೊಳಗೆ ಅಡಗಿರಲಿ.

ಪಾಯ ಮತ್ತು ಹಂದರ

ದೀಪಾವಳಿ ಕಳೆದು ಹಿಂಗಾರಿನ ತುಲಾಮಳೆ ನಿಂತ ಮೇಲೆ ಶುರುಮಾಡಿ. 6 ಅಡಿ ಚೌಕ, ಎರಡೂವರೆ ಅಡಿ ಆಳ ತೋಡಿದರೆ ಸಾಮಾನ್ಯವಾಗಿ ಗಟ್ಟಿ ಮುರಕಲ್ಲು ಸಿಗುತ್ತದೆ. ತುಂಬಿಸಿದ ಮಣ್ಣಾದರೆ ಗಟ್ಟಿನೆಲ ಸಿಗುವವರೆಗೆ ತೋಡಿ. ತಳಕ್ಕೆ 4 ಇಂಚು 1:4:8 ಕಾಂಕ್ರೀಟ್ (ಕ್ರಮವಾಗಿ ಸಿಮೆಂಟು, ಮರಳು, ಜಲ್ಲಿಯ ಪಾಲು). ಅದರ ಮೇಲೆ 12 ಮಿಲಿಮೀಟರ್ ಸರಳುಗಳನ್ನು 6 ಇಂಚಿಗೊಂದರಂತೆ ಎರಡೂ ಕಡೆಗೆ ಹಾಸಿ, ಒಂದು ಅಡಿ ದಪ್ಪ 1:1½:3 ಕಾಂಕ್ರೀಟ್. ಮೈಗೆ ಆಧಾರವಾದ ನಾಲ್ಕು 16 ಮಿಲಿಮೀಟರ್ ಸರಳುಗಳ ಬುಡ ಒಂದು ಅಡಿ ಮಡಚಿಕೊಂಡು ಇದರೊಳಗೇ ಹುಗಿದಿರಬೇಕು. ಆಮೇಲೆ ಕೊರೆದು ಕೂರಿಸಿದ ಸರಳು ಗಾಳಿಗೆ ಅಲುಗಿ ಪಾದದ ಹತ್ತಿರ ಸುತ್ತ ಬಿರುಕು ಬಿಡುತ್ತದೆ.

ಈ ನಾಲ್ಕು ಸರಳುಗಳಿಗೆ ಒಂದೊಂದು ಅಡಿಗೆ 6 ಮಿಲಿಮೀಟರ್‌ನ ಬಳೆ, ಬಳೆಗಳ ಮೇಲೆ 8 ಮಿಲಿಮೀಟರ್‌ನ ಹನ್ನೆರಡು ಉದ್ದ ಸರಳು ಕಟ್ಟಿ. ಅದರ ಮೇಲೆ ಅರ್ಧ ಇಂಚು ಕಣ್ಣಿನ ಗ್ಯಾಲ್ವನೈಸ್ಡ್ ಕೋಳಿಬಲೆ ಹೊರಗೆ ಎರಡು ಸುತ್ತು, ಒಳಗೆ ಒಂದು. ಒಟ್ಟು 450 ಚದರ ಅಡಿ ಬಲೆ, 5 ಕಿಲೋ ಬೈಂಡಿಂಗ್ ತಂತಿ ಬೇಕು. ಬಲೆಯ ಕಟ್ಟು ಸಡಿಲಿದ್ದರೆ ಗಾರೆ ಕಂಪಿಸಿ ಉದುರುತ್ತದೆ. ಅಂಗೈಯಲ್ಲಿ ಒತ್ತಿದರೆ ತಗ್ಗಬಾರದು. ಬೆನ್ನಿಗೆ ಎರಡು ಅಡಿ ಅಗಲದ ಕಿಂಡಿ ಬಿಡಿ, ಒಬ್ಬ ಒಳಗೆ ಹೋಗಬೇಕಾಗುತ್ತದೆ.

ಗಾರೆ

ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ಚೀಲಕ್ಕೆ 20 ಲೀಟರಿಗಿಂತ ಹೆಚ್ಚು ನೀರು ಬೇಡ. ಮೈಗೆ 8 ಚೀಲ, ಪಾಯಕ್ಕೆ 9ರಿಂದ 10 ಚೀಲ ಹಿಡಿಯುತ್ತದೆ. ಅಳಿವೆಯ ಉಪ್ಪು ಮರಳು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಉಪ್ಪು ಬಲೆಯನ್ನು ಒಳಗಿಂದ ತಿನ್ನುತ್ತದೆ, ತುಕ್ಕು ಉಬ್ಬಿ ಗಾರೆಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ತೊಳೆದ ಎಂಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ಒಳ್ಳೆಯದು. ಹೊರಗಿನವನು ಗಾರೆ ಒತ್ತುವಾಗ ಒಳಗಿನವನು ಹಲಗೆ ಹಿಡಿಯಬೇಕು, ಬಲೆಯ ಹಿಂದೆ ಪೊಳ್ಳು ಉಳಿಯಬಾರದು. ಮೊದಲ ಪದರ ಒಂದು ಇಂಚು. ಮೇಲ್ಮೈಯನ್ನು ಗೀರಿ ಮರುದಿನಕ್ಕೆ ಬಿಡಿ, ಒದ್ದೆಮಾಡಿಯೇ ಎರಡನೆಯದು ಹಚ್ಚಿ.

ಗಡ್ಡವೇ ಕುಳ್ಳನ ಕಳೆ, ಅವಸರ ಮಾಡಬೇಡಿ. ಗಾರೆಯನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಎರಡು ಇಂಚು ದಪ್ಪಕ್ಕೆ ಮೆತ್ತಿ ಕಾಯಿರಿ. ಹೆಬ್ಬೆರಳು ಒತ್ತಿದರೆ ಗುರುತು ಬಿದ್ದು ಗಾರೆ ಬೆರಳಿಗೆ ಅಂಟದ ಹೊತ್ತು ಬರುತ್ತದಲ್ಲ, ಆಗ ಕರಣೆಯ ತುದಿಯಿಂದ ಮೇಲಿನಿಂದ ಕೆಳಗೆ ಎಳೆಯಿರಿ. ಗೆರೆ ಒಂದೂವರೆ ಇಂಚು ಆಳವಿದ್ದರೆ ನೆರಳು ಕೂತು ದೂರಕ್ಕೂ ಕೂದಲೆಂದು ಕಾಣುತ್ತದೆ. ಅಡ್ಡಗೆರೆ ಬೇಡ, ನೀರು ತಂಗಿ ಪಾಚಿ ಕಟ್ಟುತ್ತದೆ. ಗಡ್ಡದ ತುದಿಯ ಅಡಿಗೂ ಟೊಪ್ಪಿಯ ಅಂಚಿನ ಅಡಿಗೂ ಅರ್ಧ ಇಂಚಿನ ಡ್ರಿಪ್ ಗೆರೆ ಕೊರೆಯಿರಿ, ಇಲ್ಲದಿದ್ದರೆ ಹನಿ ತಳದಲ್ಲಿ ಹರಿದು ಹೊಟ್ಟೆಯ ಮೇಲೆ ಕಪ್ಪು ಗೀಟು ಎಳೆಯುತ್ತದೆ.

ಹಿಂದಿನ ಕಿಂಡಿ ಮುಚ್ಚುವ ಮೊದಲು ಬೂಟಿನ ಹಿಮ್ಮಡಿಯಲ್ಲಿ ಮುಕ್ಕಾಲು ಇಂಚಿನ ಎರಡು ಪಿವಿಸಿ ತುಂಡು, ಟೊಪ್ಪಿಯ ಅಂಚಿನ ಕೆಳಗೆ ಎರಡು ಗಾಳಿಕಂಡಿ ಇಡಿ. ಒಳಗೆ ಬೆವರುವ ನೀರಿಗೆ ದಾರಿ ಬೇಕು. ಕಂಡಿಗೆ ಸೊಳ್ಳೆಬಲೆ ಕಟ್ಟದಿದ್ದರೆ ಕಣಜ ಗೂಡು ಮಾಡುತ್ತದೆ.

14 ದಿನ ಒದ್ದೆ ಗೋಣಿ ಹೊದೆಸಿ. ಮೊದಲು ಒಣಗುವುದು ಟೊಪ್ಪಿಯ ತುದಿ. ದೇವಸ್ಥಾನದ ಧಾರಾಪಾತ್ರೆಯ ಹಾಗೆ ತಳಕ್ಕೆ ಸಣ್ಣ ತೂತಿನ ಕೊಡಪಾನವನ್ನು ಅಟ್ಟಣಿಗೆಯಿಂದ ಅದರ ಮೇಲೆ ನೇತುಹಾಕಿ.

ಬಣ್ಣ ಮತ್ತು ಸಿಡಿಲು

ಗಾರೆ ಹಚ್ಚಿ 28 ದಿನ ಆಗದೆ ಬಣ್ಣ ಮುಟ್ಟಬೇಡಿ, ಕ್ಷಾರ ಬಣ್ಣವನ್ನು ಸುಡುತ್ತದೆ. ಹೊರಗೋಡೆಯ ಪ್ರೈಮರ್ ಒಂದು ಕೈ, ಹೊರಗೋಡೆಯ ಎಮಲ್ಷನ್ ಎರಡು ಕೈ. ಎನಾಮೆಲ್ ಹೊಳೆಯುತ್ತದೆ ನಿಜ, ಆದರೆ ಒಳಗಿನ ತೇವ ಹೊರಬರಲಾಗದೆ ಗುಳ್ಳೆಯೆದ್ದು ಸುಲಿಯುತ್ತದೆ. ಟೊಪ್ಪಿಗೆ ಕಣ್ಣುಕುಕ್ಕುವ ಕೆಂಪಿಗಿಂತ ಕಬ್ಬಿಣದ ಆಕ್ಸೈಡಿನ ಕಾವಿಗೆಂಪು ಬಿಸಿಲಿಗೆ ಹೆಚ್ಚು ಕಾಲ ತಡೆಯುತ್ತದೆ, ಹಸಿರು ತೋಟದ ಎದುರು ನೋಡಲೂ ಚಂದ. ಮೇ ಕೊನೆಯ ಪತ್ತನಾಜೆಯೊಳಗೆ ಎಲ್ಲ ಮುಗಿದಿರಲಿ.

ಬಯಲಲ್ಲಿ ಅವನೇ ಎತ್ತರವಾದರೆ ಸಿಡಿಲಿಗೂ ಅವನೇ ಗುರಿ. ಹಂದರದ ಸರಳೊಂದನ್ನು ಹೊರಗೆ ಬಿಟ್ಟುಕೊಂಡು ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ಥಿಂಗ್ ಗುಂಡಿಗೆ ಜೋಡಿಸಿ. ಗುಡುಗುವಾಗ ಹತ್ತಿರ ಯಾರೂ ನಿಲ್ಲದಂತೆ ಫಲಕ ಹಾಕಿ.

ಪ್ರತಿ ನವರಾತ್ರಿಗೆ ಮೆತ್ತನೆ ಬ್ರಷ್‌ನಿಂದ ಪಾಚಿ ಉಜ್ಜಿ, ಹಿಮ್ಮಡಿಯ ತೂತಿಗೆ ಕಡ್ಡಿ ಹಾಕಿ ಕಸ ತೆಗೆಯಿರಿ. ಕಂದು ಕಲೆ ಕಂಡಲ್ಲಿ ಬಣ್ಣ ಬಳಿದು ಮುಚ್ಚಬೇಡಿ. ಅಲ್ಲಿ ಬಲೆ ಕಾಣುವವರೆಗೆ ಕೊರೆದು, ತುಕ್ಕು ಉಜ್ಜಿ, ಸಿಮೆಂಟ್ ಹಾಲು ಸವರಿ, ಅದೇ 1:2 ಗಾರೆ ತುಂಬಿ ಒಂದು ವಾರ ಒದ್ದೆಯಿಡಿ.