ಘಟ್ಟದ ಮೇಲಿನವರು ಬೀಚ್ ಮರಳಿಗೆ ಗಾಡಿ ಇಳಿಸುವ ಮುಂಚೆ

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯವರಿಗೆ ಜೀಪ್ ಓಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜುಲೈ ಮಳೆಯಲ್ಲಿ, ಹಿಂದೆ ಆಳುಗಳನ್ನು ಕೂರಿಸಿಕೊಂಡು ತೋಟದ ಏರು ಹತ್ತಿಸುವವರು ನಾವು. ಹಾಗಾಗಿ ಬೀಚ್ ಅಂದ ಕೂಡಲೇ "ಅದರಲ್ಲೇನಿದೆ, ಸಪಾಟಾಗಿದೆಯಲ್ಲ" ಅನ್ನಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಕೆಸರಿನಲ್ಲಿ ಕಲಿತ ಅಭ್ಯಾಸಗಳಲ್ಲಿ ಮುಖ್ಯವಾದವೇ ಮರಳಿನಲ್ಲಿ ಉಲ್ಟಾ ಹೊಡೆಯುತ್ತವೆ.

ಯಾಕೆ ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಉಳಿದದ್ದೆಲ್ಲ ಸುಲಭ. ತೋಟದ ಕೆಸರಿನ ಕೆಳಗೆ ಎಲ್ಲೋ ಒಂದು ಕಡೆ ಗಟ್ಟಿ ನೆಲ ಇರುತ್ತದೆ. ಅದಕ್ಕೇ ನಾವು ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸುತ್ತೇವೆ. ದಪ್ಪ ಕಚ್ಚುಗಳಿರುವ ಬಟನ್ ಟೈರಿನ ಸಂದಿಯಲ್ಲಿ ಮೆತ್ತಿದ ಮಣ್ಣು ಸಿಡಿದು ಹೋಗುತ್ತದೆ, ಟೈರು ಕೆರೆದುಕೊಂಡು ಗಟ್ಟಿ ನೆಲ ಹಿಡಿಯುತ್ತದೆ, ಗಾಡಿ ಮೇಲೆ ಬರುತ್ತದೆ. ಬೀಚಿನಲ್ಲಿ ಕೆರೆದರೆ ಸಿಗುವುದು ಮತ್ತೆ ಮರಳೇ. ಕಣದಲ್ಲಿ ಒಣಗಿದ ಕಾಫಿ ರಾಶಿ ಹತ್ತಲು ಹೋದರೆ ಕಾಲು ಜಾರುತ್ತಾ ಒಳಗೆ ಇಳಿಯುತ್ತದಲ್ಲ, ಚಕ್ರಕ್ಕೂ ಹಾಗೇ ಆಗುತ್ತದೆ. ಎರಡು ಮೂರು ಸುತ್ತು ಸುಮ್ನೆ ತಿರುಗಿದರೂ ಸಾಕು, ಗಾಡಿಯ ಅಡಿಯಲ್ಲಿ ಆಕ್ಸಲ್ ಇರುವ ಹೌಸಿಂಗ್ ಮರಳಿನ ಮೇಲೆ ಕೂತುಬಿಡುತ್ತದೆ. ಮಳೆಗಾಲದಲ್ಲಿ ನಮಗೆ ದೇವರಂತಿರುವ, ಟೈರಿಗೆ ಸುತ್ತುವ ಚೈನು ಇಲ್ಲಿ ಹೊಂಡ ತೋಡುವ ಯಂತ್ರ. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಆದ್ದರಿಂದ ಮರಳಿನಲ್ಲಿ ಗಾಡಿ ತೋಡಬಾರದು, ತೇಲಬೇಕು. ತೇಲಿಸುವುದು ಟೈರಿನ ಗಾಳಿ.

ಮೊದಲು ಎಲ್ಲಿಗೆ ಹೋಗುವುದು ಅನ್ನುವುದನ್ನು ಮುಗಿಸೋಣ. ಶಿರಾಡಿ ಇಳಿದೋ ಚಾರ್ಮಾಡಿ ಇಳಿದೋ ಮಂಗಳೂರು, ಉಡುಪಿ ಸೇರಿ, ಕಂಡ ಬೀಚಿಗೆ ಗಾಡಿ ನುಗ್ಗಿಸುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಜನ ಓಡಾಡುವ ಬೀಚಿನಲ್ಲಿ ಗಾಡಿ ಓಡಿಸಿದರೆ ಪೊಲೀಸರು ಕೇಸು ಹಾಕುತ್ತಾರೆ, ಹಾಕಲೂ ಬೇಕು. ಮಕ್ಕಳು ಮರಳಿನಲ್ಲಿ ಕೂತು ಆಡುತ್ತಿರುತ್ತಾರೆ, ಅಲೆಯ ಸದ್ದಿನಲ್ಲಿ ಎಂಜಿನ್ ಸದ್ದು ಅವರಿಗೆ ಕೇಳಿಸುವುದೇ ಇಲ್ಲ. ಇನ್ನೊಂದು ಕಾರಣ ಕಡಲಾಮೆ. ನಮ್ಮ ಕರಾವಳಿಗೆ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಲ್ಲಿ ಮೊಟ್ಟೆ ಇಡಲು ಬರುತ್ತವೆ. ಗೂಡು ಇರುವುದು ಅಲೆ ಮುಟ್ಟದ ಒಣ ಮರಳಿನಲ್ಲಿ, ಮೇಲಿಂದ ಏನೂ ಕಾಣುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ನಿಮ್ಮ ಟೈರಿನ ಗುರುತಿನೊಳಗೆ ಬಿದ್ದರೆ ಹತ್ತಿ ಬರಲಾಗದೆ ಅಲ್ಲೇ ಬಿಸಿಲಿಗೆ ಒಣಗುತ್ತದೆ, ಇಲ್ಲವೇ ಕಾಗೆ ಪಾಲಾಗುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಮೆಗೆ ಹುಲಿ, ಆನೆಯ ಸಾಲಿನಲ್ಲೇ ರಕ್ಷಣೆ ಇದೆ.

ಮೊದಲ ಸಲಕ್ಕೆ ನಾನು ಹೇಳುವ ಜಾಗ ಕೇರಳದ ಮುಳಪ್ಪಿಲಂಗಾಡ್. ಕಣ್ಣೂರು ಮತ್ತು ತಲಶ್ಶೇರಿ ನಡುವೆ ಇದೆ, ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಗಾಡಿ ಓಡಿಸಬಹುದು. ಹಾಸನದವರು ಕೊಡಗಿನ ಮೇಲೆ ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾಟಿ ಹೋಗಬಹುದು. ಚಿಕ್ಕಮಗಳೂರಿನವರು ಮಂಗಳೂರಿಗೆ ಇಳಿದು ಕರಾವಳಿ ಹೆದ್ದಾರಿಯಲ್ಲೂ ಹೋಗಬಹುದು. ಅಲ್ಲಿ ನೀರಿನಂಚಿನ ಮರಳು ಎಷ್ಟು ಗಟ್ಟಿ ಅಂದರೆ ಮಾಮೂಲಿ ಕಾರುಗಳೇ ಓಡುತ್ತವೆ. ಆದರೆ ಮಳೆಗಾಲದಲ್ಲಿ ಬೇಡ. ಹೋಗುವ ಮುಂಚೆ ಗಾಡಿ ಬಿಡುತ್ತಿದ್ದಾರಾ ಅಂತ ಅಲ್ಲಿನವರನ್ನು ಕೇಳಿಕೊಂಡೇ ಹೊರಡಿ. ಬೇರೆ ಯಾವುದೇ ಕಡೆ ಆದರೂ ಸರಿ, ಅನುಮತಿ ಇದೆ ಅಂತ ಖಾತ್ರಿಯಾಗದೆ ಟಾರು ಬಿಟ್ಟು ಇಳಿಯಬೇಡಿ. ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಪ್ರ್ಯಾಕ್ಟೀಸ್ ಮಾಡಿಕೊಳ್ಳೋಣ ಅಂತ ಕೆಲವರು ಯೋಚಿಸುತ್ತಾರೆ. ಅದು ಮರಳಲ್ಲ, ಹೂಳು. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಇರುತ್ತದೆ. ಅಲ್ಲಿ ಕಲಿತದ್ದು ಬೀಚಿಗೆ ಉಪಯೋಗಕ್ಕೆ ಬರುವುದಿಲ್ಲ.

ಈಗ ಗಾಳಿಯ ವಿಷಯ. ಇಷ್ಟುದ್ದ ಬರೆಯುತ್ತಿರುವುದೇ ಇದಕ್ಕೋಸ್ಕರ.

ನಿಮ್ಮ ಗಾಡಿಯ ಬಾಗಿಲಿನ ಒಳಬದಿಯ ಸ್ಟಿಕರಿನಲ್ಲಿ ಟಾರು ರಸ್ತೆಗೆ ಎಷ್ಟು ಗಾಳಿ ಬೇಕು ಅಂತ ಬರೆದಿರುತ್ತದೆ, ಸಾಮಾನ್ಯವಾಗಿ ಒತ್ತಡದ ಲೆಕ್ಕದಲ್ಲಿ 30ರ ಆಸುಪಾಸು ಪಿಎಸ್‌ಐ. ಮರಳಿಗೆ ಇಳಿಯುವ ಮುಂಚೆ, ಟಾರು ಮುಗಿಯುವ ಜಾಗದಲ್ಲೇ ನಿಂತು, ನಾಲ್ಕೂ ಟೈರಿನಲ್ಲಿ ಅದನ್ನು 18ರಿಂದ 20ಕ್ಕೆ ಇಳಿಸಿ. ವಾಲ್ವಿನ ಕ್ಯಾಪ್ ಬಿಚ್ಚಿ, ಬೀಗದ ಕೀಲಿ ತುದಿಯಿಂದ ನಡುವಿನ ಪಿನ್ ಒತ್ತಿದರೆ ಗಾಳಿ ಹೋಗುತ್ತದೆ. ಸ್ವಲ್ಪ ಬಿಡಿ, ಗೇಜ್ ಹಾಕಿ ನೋಡಿ, ಮತ್ತೆ ಸ್ವಲ್ಪ ಬಿಡಿ. ಅಂದಾಜಿನ ಮೇಲೆ ಮಾಡಬೇಡಿ, ನಾಲ್ಕು ಟೈರಲ್ಲಿ ನಾಲ್ಕು ಥರ ಆಗಿಬಿಡುತ್ತದೆ. ಈ ಕೆಲಸ ಮಾಡುವಾಗ ಕೆಳಗೆ ಕೂತು ಟೈರನ್ನು ಒಮ್ಮೆ ಸರಿಯಾಗಿ ನೋಡಿ. ನೆಲಕ್ಕೆ ತಾಗುವ ಕಡೆ ಪಕ್ಕದ ಗೋಡೆ ಸ್ವಲ್ಪ ಉಬ್ಬುತ್ತದೆ. ಟೈರು ಅಗಲ ಆಗುವುದರಿಂದ ಲಾಭ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜವಾಗಿ ಅಗಲಕ್ಕಿಂತ ಉದ್ದ ಜಾಸ್ತಿ ಆಗುತ್ತದೆ. ಹಿಂದೆ ಮುಂದೆ ಚಾಚಿಕೊಂಡು ಟೈರು ಉದ್ದಕ್ಕೆ ಮಲಗುತ್ತದೆ, ಗಾಡಿಯ ಭಾರ ದೊಡ್ಡ ಜಾಗಕ್ಕೆ ಹಂಚಿಹೋಗುತ್ತದೆ, ಮರಳಿಗೆ ಕುಸಿಯುವಷ್ಟು ಒತ್ತಡ ಬೀಳುವುದಿಲ್ಲ. ಗಾಳಿ ಇಳಿಸಿದ ಟೂ ವೀಲ್ ಡ್ರೈವ್ ಬೊಲೆರೊ ಹೋಗುವ ಕಡೆ, ಪೂರ್ತಿ ಗಾಳಿ ಇರುವ ಫೋರ್ ಬೈ ಫೋರ್ ಹೂತುಕೊಳ್ಳಬಹುದು. ದುಡ್ಡು ಸುರಿದು ಹಾಕಿಸಿದ ಬಟನ್ ಟೈರಿಗಿಂತ ಈ ಒಂದು ಕೆಲಸ ದೊಡ್ಡದು.

ತುಂಬಾ ಮೆತ್ತಗಿನ ಒಣ ಮರಳು ಸಿಕ್ಕರೆ 15ರವರೆಗೂ ಇಳಿಸಬಹುದು. ಅದಕ್ಕಿಂತ ಕೆಳಗೆ ಮೊದಲ ಸಲ ಬೇಡ. ಗಾಳಿ ಕಡಿಮೆ ಇದ್ದಾಗ ಜೋರಾಗಿ ಓಡಿಸಿ ಸ್ಟೇರಿಂಗ್ ಎಳೆದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. 20, 25 ಕಿಲೋಮೀಟರ್ ವೇಗ ಸಾಕು. ವಾಪಸ್ ಗಾಳಿ ತುಂಬಲು ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಕಂಪ್ರೆಸರ್ ಜೊತೆಗಿರಲಿ. ಅದಿಲ್ಲದೆ ಗಾಳಿ ಇಳಿಸಿದರೆ, ಮೆತ್ತಗಿನ ಟೈರಿನಲ್ಲಿ ಹೆದ್ದಾರಿಯ ಮೇಲೆ ಪಂಕ್ಚರ್ ಅಂಗಡಿ ಹುಡುಕಬೇಕಾಗುತ್ತದೆ. ಟೈರು ಬಿಸಿಯಾಗಿ ಒಡೆಯುವುದು ಅಲ್ಲೇ.

ಜೊತೆಗೆ ಇರಬೇಕಾದ ಉಳಿದ ಸಾಮಾನು ಜಾಸ್ತಿ ಏನಿಲ್ಲ, ಮುಕ್ಕಾಲು ಪಾಲು ತೋಟದ ಶೆಡ್ಡಿನಲ್ಲೇ ಇರುತ್ತದೆ. ಸಲಿಕೆ, ಒಂದು ಗುದ್ದಲಿ, ನಾಲ್ಕು ದಪ್ಪ ಗೋಣಿಚೀಲ, ಜಾಕಿನ ಕೆಳಗೆ ಇಡಲು ಒಂದು ಅಗಲದ ಹಲಗೆ, ಗಟ್ಟಿ ಹಗ್ಗ, ಕುಡಿಯುವ ನೀರು. ಹಲಗೆ ಮರೆಯಬೇಡಿ. ಹಲಗೆ ಇಲ್ಲದೆ ಮರಳಿನಲ್ಲಿ ಜಾಕ್ ಕೊಟ್ಟರೆ ಗಾಡಿ ಮೇಲೇಳುವುದಿಲ್ಲ, ಜಾಕೇ ಕೆಳಗೆ ಹೋಗುತ್ತದೆ. ಇನ್ನೊಂದು ಗಾಡಿ ಜೊತೆಗಿದ್ದರಂತೂ ಅರ್ಧ ಚಿಂತೆ ಇಲ್ಲ. ಒಬ್ಬರೇ ಹೋಗುವುದಾದರೆ ಬೇರೆ ಜನ, ಗಾಡಿ ಇರುವ ಜಾಗಕ್ಕೇ ಹೋಗಿ.

ಹೊತ್ತು ನೋಡುವುದನ್ನು ಘಟ್ಟದ ಮೇಲಿನವರು ಮರೆತೇಬಿಡುತ್ತಾರೆ, ನಮಗೆ ಅದರ ಅಭ್ಯಾಸ ಇಲ್ಲವಲ್ಲ. ಸಮುದ್ರಕ್ಕೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ, ಮತ್ತು ದಿನಾ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತಾ ಇರುತ್ತದೆ. ಹಾಗಾಗಿ ನಿನ್ನೆ ಯಾರೋ ಬೆಳಿಗ್ಗೆ 8ಕ್ಕೆ ಓಡಿಸಿದರು ಅಂತ ನೀವು ನಾಲ್ಕು ದಿನ ಬಿಟ್ಟು ಅದೇ 8ಕ್ಕೆ ಇಳಿದರೆ ಲೆಕ್ಕ ತಪ್ಪುತ್ತದೆ. ಫೋನಿನಲ್ಲಿ ಟೈಡ್ ಟೈಮ್ ನೋಡಿ, ನೀರು ಪೂರ್ತಿ ಇಳಿಯುವ ಹೊತ್ತಿಗೆ ಒಂದೆರಡು ಗಂಟೆ ಮುಂಚೆ ಇಳಿಯಿರಿ, ನೀರು ವಾಪಸ್ ಏರಲು ಶುರುವಾದ ಕೂಡಲೇ ಹೊರಗೆ ಬನ್ನಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಜಾಸ್ತಿ ಏರುತ್ತದೆ, ಆಗ ಇನ್ನೂ ಹುಷಾರು. ಹೂತ ಗಾಡಿಯನ್ನು ತೋಡುವುದಕ್ಕೆ ಗಂಟೆ ಹಿಡಿಯಬಹುದು, ಸಮುದ್ರ ಅಷ್ಟು ಹೊತ್ತು ನಿಮಗಾಗಿ ಕಾಯುವುದಿಲ್ಲ.

ಇಳಿಯುವ ಮುಂಚೆ ಚಪ್ಪಲಿ ಬಿಚ್ಚಿ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಹಿಮ್ಮಡಿ ಎಷ್ಟು ಇಳಿಯಿತು ಅನ್ನುವುದೇ ಲೆಕ್ಕ. ಕೆಳಗೆ ಅಲೆ ಬಂದು ಹೋಗಿ ನೆನೆದು, ಈಗ ನೀರು ಹಿಂದೆ ಸರಿದಿರುವ ಪಟ್ಟಿಯಲ್ಲಿ ಹೆಜ್ಜೆ ಗುರುತು ಅಷ್ಟೇ ಬೀಳುತ್ತದೆ, ನಿಮ್ಮ ದಾರಿ ಅದು. ಮೇಲೆ ಬಿಳಿಯ ಒಣ ಮರಳಿನಲ್ಲಿ ಕಾಲು ಹೂತುಕೊಳ್ಳುತ್ತದೆ. ರಸ್ತೆಯಿಂದ ಗಟ್ಟಿ ಪಟ್ಟಿಗೆ ಹೋಗಲು ಈ ಒಣ ಮರಳು ದಾಟಲೇಬೇಕು. ಮೊದಲ ಸಲದವರ ಗಾಡಿ ಹೂಳುವುದು ಹೆಚ್ಚಾಗಿ ಇಲ್ಲೇ, ಅದೂ ವಾಪಸ್ ಬರುವಾಗ, ಯಾಕಂದರೆ ಆಗ ಏರು ಇರುತ್ತದೆ. ಅಲೆ ಈಗಲೂ ಮುಟ್ಟುತ್ತಿರುವ ಜಾಗವೂ ಬೇಡ. ಓಡುತ್ತಿರುವಾಗ ಗಟ್ಟಿ ಅನ್ನಿಸುತ್ತದೆ, ಆದರೆ ನಿಂತ ಗಾಡಿಯ ಟೈರಿನ ಸುತ್ತ ಪ್ರತಿ ಅಲೆಯೂ ಮರಳು ತೆಗೆದುಕೊಂಡು ಹೋಗುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಹೋಗಲೇಬೇಡಿ. ಮೀನುಗಾರರ ಬಲೆ, ಹಗ್ಗ ಮರಳಿನ ಮೇಲೆ ಹರಡಿದ್ದರೆ ದೂರದಿಂದಲೇ ತಿರುಗಿಸಿ. ಕೈರಂಪಣಿ, ಅಂದರೆ ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಬಲೆ, ಎಳೆಯುವಾಗ ಹಗ್ಗ ನೀರಿನಿಂದ ದಡದವರೆಗೂ ಇರುತ್ತದೆ, ಅದು ಅವರ ಅನ್ನ.

ಓಡಿಸುವುದು ಹೀಗೆ. ಥಾರ್, ಜಿಮ್ನಿ, ಹಳೇ ಜಿಪ್ಸಿ ಏನೇ ಇರಲಿ, ಒಣ ಮರಳಿಗೆ ಬರುವ ಮುಂಚೆಯೇ ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ಗೇರು) ಹಾಕಿ. ಹೂತ ಮೇಲೆ ಹಾಕೋಣ ಅಂದರೆ ಆಗಲೇ ತಡ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ, ನಿಧಾನದ ಗೇರು) ಇಲ್ಲಿ ಸಾಮಾನ್ಯವಾಗಿ ಬೇಡ, ಅದರಲ್ಲಿ ಬಲ ಜಾಸ್ತಿಯಾಗಿ ಚಕ್ರ ಸುಲಭಕ್ಕೆ ಜಾರಿ ಸುತ್ತಿ ತೋಡುತ್ತದೆ. ಹೂತಾಗ ನಿಧಾನಕ್ಕೆ ಹೊರಬರಲು ಇಟ್ಟುಕೊಳ್ಳಿ. ಹೊಸ ಗಾಡಿಗಳಲ್ಲಿ ಇಎಸ್‌ಪಿ ಅಥವಾ ಟ್ರ್ಯಾಕ್ಷನ್ ಕಂಟ್ರೋಲ್ ಬಟನ್ ಇದ್ದರೆ ಆಫ್ ಮಾಡಿ. ಚಕ್ರ ಸ್ವಲ್ಪ ಜಾರಿದ ಕೂಡಲೇ ಅದು ಎಂಜಿನ್ ಪವರ್ ಕಡಿಮೆ ಮಾಡುತ್ತದೆ, ಮರಳಿನ ಮಧ್ಯೆ ಗಾಡಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಸ್ಯಾಂಡ್ ಮೋಡ್ ಕೊಟ್ಟಿರುವ ಗಾಡಿಯಾದರೆ ಅದನ್ನೇ ಹಾಕಿಕೊಳ್ಳಿ.

ಗಟ್ಟಿ ನೆಲದ ಮೇಲೇ ಸೆಕೆಂಡ್ ಗೇರಿಗೆ ಬಂದು, ಒಂದೇ ಹದದಲ್ಲಿ ಆಕ್ಸಿಲರೇಟರ್ ಹಿಡಿದು ಒಣ ಮರಳು ದಾಟಿ. ಮಧ್ಯದಲ್ಲಿ ಗೇರ್ ಬದಲಿಸಬೇಡಿ. ಕ್ಲಚ್ ಒತ್ತಿದ ಆ ಒಂದು ಕ್ಷಣಕ್ಕೇ ಮರಳು ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸ್ಟೇರಿಂಗ್ ಸ್ವಲ್ಪ ಅತ್ತಿತ್ತ ತೇಲಿದ ಹಾಗೆ ಅನ್ನಿಸುತ್ತದೆ, ಅದು ಸಹಜ, ಅದರ ಜೊತೆ ಜಗ್ಗಾಡಬೇಡಿ. ತಿರುಗಿಸುವುದಾದರೆ ದೊಡ್ಡ ಸುತ್ತು ಹಾಕಿ. ಪೂರ್ತಿ ತಿರುಗಿದ ಮುಂದಿನ ಚಕ್ರ ಬ್ರೇಕ್ ಇದ್ದ ಹಾಗೆ, ಮರಳನ್ನು ಅಡ್ಡ ನೂಕುತ್ತದೆ. ನಿಲ್ಲಿಸಬೇಕಾದರೆ ಕಾಲು ತೆಗೆಯಿರಿ ಸಾಕು, ಗಾಡಿ ತಾನೇ ನಿಲ್ಲುತ್ತದೆ. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರದ ಮುಂದೆ ಮರಳಿನ ಗುಡ್ಡೆ ಏಳುತ್ತದೆ, ಮತ್ತೆ ಹೊರಡುವಾಗ ಅದನ್ನೇ ಹತ್ತಬೇಕು. ಮೂತಿ ಇಳಿಜಾರಿಗೆ ಇರುವಂತೆ ನಿಲ್ಲಿಸಿದರೆ ಹೊರಡುವುದು ಸಲೀಸು. ಬಾನೆಟ್ ಮೇಲೆ, ಹಿಂದೆ ನೇತಾಡಿಕೊಂಡು ಯಾರನ್ನೂ ಕೂರಿಸಬೇಡಿ, ಬೆಲ್ಟ್ ಎಲ್ಲರೂ ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಗಾಡಿ ಹೂತುಕೊಳ್ಳಬಹುದು. ಆಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದಿರುವುದು. ಗಾಡಿ ಮುಂದೆ ಹೋಗುತ್ತಿಲ್ಲ ಅಂತ ಗೊತ್ತಾದ ತಕ್ಷಣ ಆಕ್ಸಿಲರೇಟರ್ ಬಿಡಿ. ನಮ್ಮ ಕಾಲು ಅಭ್ಯಾಸ ಬಲದಿಂದ ಇನ್ನೂ ಒತ್ತುತ್ತದೆ, ಅದನ್ನು ತಡೆಯುವುದೇ ಕಷ್ಟ. ಆ ಕ್ಷಣದಲ್ಲಿ ಬಿಟ್ಟರೆ ಟೈರು ಹೂತಿರುವುದು ನಾಲ್ಕು ಬೆರಳಷ್ಟು. ಸ್ಟೇರಿಂಗ್ ನೇರ ಮಾಡಿ, ರಿವರ್ಸ್ ಹಾಕಿ, ಬಂದ ಗುರುತಿನ ಮೇಲೇ ನಿಧಾನಕ್ಕೆ ಹಿಂದೆ ಹೋಗಿ. ಅಲ್ಲಿನ ಮರಳು ನಿಮ್ಮ ಭಾರಕ್ಕೇ ಒತ್ತಿ ಗಟ್ಟಿಯಾಗಿರುತ್ತದೆ, ಬಹಳ ಸಲ ಇಷ್ಟರಲ್ಲೇ ಬಂದುಬಿಡುತ್ತದೆ.

ಬರಲಿಲ್ಲವಾ, ಎಲ್ಲರೂ ಇಳಿಯಿರಿ. ಬಗ್ಗಿ ಕೆಳಗೆ ನೋಡಿ. ಹೌಸಿಂಗ್ ಅಥವಾ ಗಾಡಿಯ ಹೊಟ್ಟೆ ಮರಳಿಗೆ ತಾಗಿದ್ದರೆ ಮೊದಲು ಗುದ್ದಲಿಯಿಂದ ಅಲ್ಲಿನ ಮರಳನ್ನು ಎಳೆದು ತೆಗೆಯಿರಿ, ಅದು ಬಿಡುವವರೆಗೆ ಎಷ್ಟು ತಳ್ಳಿದರೂ ವ್ಯರ್ಥ. ಆಮೇಲೆ ಹೊರಬರುವ ದಿಕ್ಕಿನಲ್ಲಿ ಪ್ರತಿ ಚಕ್ರದ ಮುಂದೆ ಉದ್ದಕ್ಕೆ, ಇಳಿಜಾರಾಗಿ ತೋಡಿ. ಗೋಣಿಚೀಲವನ್ನು ಟೈರಿನ ಕೆಳಕ್ಕೆ ಚೆನ್ನಾಗಿ ತುರುಕಿ, ಮೇಲೆ ಸುಮ್ನೆ ಹಾಸಿದರೆ ಟೈರು ಅದನ್ನು ಹಿಂದಕ್ಕೆ ಎಸೆದುಬಿಡುತ್ತದೆ. ಗಾಳಿಯನ್ನು, 15ಕ್ಕಿಂತ ಕೆಳಗೆ ಹೋಗದಂತೆ, ಇನ್ನೂ ಎರಡು ಮೂರು ಪಿಎಸ್‌ಐ ಇಳಿಸಿ. ಈಗ ಫೋರ್ ಲೋ ಸೆಕೆಂಡಿನಲ್ಲಿ ನಿಧಾನಕ್ಕೆ ಬಿಡಿ. ತಳ್ಳುವವರು ಚಕ್ರದ ನೇರಕ್ಕೆ ನಿಲ್ಲಬಾರದು. ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಹಗ್ಗವನ್ನು ಚಾಸಿಗೆ ಸೇರಿದ ಕೊಂಡಿಗೇ ಕಟ್ಟಿ, ಬಂಪರಿಗೆ ಬೇಡ. ಎಳೆಯುವಾಗ ಜನ ಹಗ್ಗದ ಉದ್ದಕ್ಕಿಂತ ದೂರ ಇರಲಿ. ಕಿತ್ತು ಬಂದ ಕೊಂಡಿ ಗುಂಡಿನ ಹಾಗೆ ಹಾರುತ್ತದೆ, ಜೀವ ಹೋಗುತ್ತದೆ.

ಮುಗಿಸಿ ಟಾರಿಗೆ ಬಂದ ಮೇಲೆ ಟೂ ಹೈಗೆ (ಎರಡೇ ಚಕ್ರಕ್ಕೆ ಬಲ) ಹಾಕಿ, ಗಾಳಿ ತುಂಬಿಸಿ, ಆಮೇಲೆ ಹೊರಡಿ. ಅದೇ ದಿನ ಸರ್ವಿಸ್ ಸ್ಟೇಷನ್ನಿನಲ್ಲಿ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ. ಘಟ್ಟ ಹತ್ತಿ ಮನೆ ಸೇರಿ ನಾಳೆ ನೋಡೋಣ ಅನ್ನಬೇಡಿ, ಚಾಸಿಯ ಸಂದು, ಬ್ರೇಕ್ ಡ್ರಮ್, ಲೀಫ್ ಪಟ್ಟಿಗಳ ಮಧ್ಯೆ ಕೂತ ಉಪ್ಪು ಸದ್ದಿಲ್ಲದೆ ತಿನ್ನುತ್ತದೆ. ಚಕ್ರದ ಒಳಗೆ, ಮಡ್‌ಗಾರ್ಡಿನ ಮಡಿಕೆಯಲ್ಲಿ ಜಾಸ್ತಿ ಹೊತ್ತು ಹಿಡಿಯಲು ಹೇಳಿ. ಶಿರಾಡಿ, ಚಾರ್ಮಾಡಿ ಹತ್ತುವ ಮುಂಚೆ ಬ್ರೇಕ್ ಎರಡು ಮೂರು ಸಲ ಒತ್ತಿ ಒಣಗಿಸಿಕೊಳ್ಳಿ, ಮರಳು ಉಜ್ಜುವ ಸದ್ದು ಬಂದರೆ ಡ್ರಮ್ ಬಿಚ್ಚಿಸಿ ನೋಡಿಸಿ. ಹಳೇ ಜೀಪಾದರೆ ಮನೆಗೆ ಬಂದ ಮೇಲೆ ಗ್ರೀಸ್ ಗನ್ ಹಿಡಿದು, ಹಳೇ ಗ್ರೀಸು ಪೂರ್ತಿ ಹೊರಬರುವವರೆಗೆ ಎಲ್ಲ ನಿಪ್ಪಲ್‌ಗೂ ಹೊಸ ಗ್ರೀಸ್ ಹೊಡೆಯಿರಿ. ಏರ್ ಫಿಲ್ಟರ್ ತೆಗೆದು ಕೊಡವಿ, ಮರಳು ಕಂಡರೆ ಬದಲಿಸಿ.