ಕೊಟ್ಟಿಗೆಯಿಂದ ಹಳ್ಳಕ್ಕೆ: ಸಗಣಿಯ ಬ್ಯಾಕ್ಟೀರಿಯಾ ಲೆಕ್ಕ ಹಾಕಿದ ಬಗೆ

ಬೇಲೂರು ಕಡೆ ಯಗಚಿ ನದಿಗೆ ಸೇರುವ ಹಳ್ಳವೊಂದಕ್ಕೆ ಸಗಣಿಯಿಂದ ಎಷ್ಟು ಬ್ಯಾಕ್ಟೀರಿಯಾ ಸೇರುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಕಟ್ಟುವಾಗ ನಾವು ಮೊದಲು ಮಾಡಿದ್ದು ದನ ನೀರಿಗಿಳಿಯುವ ಜಾಗಗಳಲ್ಲಿ ಬೆಳಗ್ಗೆ-ಸಂಜೆ ಕೂತು ಎಣಿಸುವ ಕೆಲಸ. ಎಷ್ಟು ದನ ಇಳಿದವು, ಎಷ್ಟು ಹೊತ್ತು ನಿಂತವು, ಎಷ್ಟು ಸಲ ನೀರಿಗೇ ಸಗಣಿ ಹಾಕಿದವು. ಕಂಪ್ಯೂಟರ್ ಆಮೇಲೆ. ಈ ಲೆಕ್ಕದಲ್ಲಿ ದೊಡ್ಡ ತಪ್ಪು ಸೂತ್ರದಿಂದ ಬರುವುದಿಲ್ಲ, ಸಗಣಿ ಎಲ್ಲಿ ಬೀಳುತ್ತದೆ ಎಂಬ ಊಹೆಯಿಂದ ಬರುತ್ತದೆ.

ಜಾನುವಾರು ಗಣತಿಯ ಸಂಖ್ಯೆಯನ್ನು ಊರಿನ ವಿಸ್ತೀರ್ಣಕ್ಕೆಲ್ಲ ಸಮನಾಗಿ ಹಂಚಬೇಡಿ. ಹಾಸನದ ಕಡೆ ಸೀಮೆಹಸು ಬಹುಪಾಲು ಕೊಟ್ಟಿಗೆಯಲ್ಲೇ ಇರುತ್ತದೆ, ಅದರ ಸಗಣಿ ತಿಪ್ಪೆಗೆ ಹೋಗುತ್ತದೆ. ನಾಟಿದನ, ಎಮ್ಮೆ ಗೋಮಾಳ, ಕೆರೆಯಂಗಳ, ಹಳ್ಳದ ದಂಡೆಯಲ್ಲಿ ಮೇಯುತ್ತವೆ. ಎರಡಕ್ಕೂ ಬೇರೆಬೇರೆ ಖಾತೆ ಬೇಕು.

ನೇರವಾಗಿ ನೀರಿಗೆ ಬೀಳುವ ಸಗಣಿಯ ಲೆಕ್ಕ ಸುಲಭ, ಆದರೆ ಉತ್ತರ ಗಾಬರಿ ಹುಟ್ಟಿಸುತ್ತದೆ. 60 ದನ, ದಿನಕ್ಕೆ ತಲಾ 15 ಕೆ.ಜಿ. ಸಗಣಿ, ಅದರಲ್ಲಿ ಶೇ. 5 ನೀರಿಗೆ ಎಂದಿಟ್ಟುಕೊಳ್ಳಿ: 45 ಕೆ.ಜಿ. ಗ್ರಾಂಗೆ 10 ಲಕ್ಷ ಇ. ಕೊಲೈ (ಕರುಳಿನಲ್ಲಿರುವ ಬ್ಯಾಕ್ಟೀರಿಯಾ) ಎಂದರೆ ಒಟ್ಟು 4,500 ಕೋಟಿ. ಬೇಸಿಗೆಯಲ್ಲಿ ಹಳ್ಳ ಸೆಕೆಂಡಿಗೆ 20 ಲೀಟರ್ ಹರಿಯುತ್ತಿದ್ದರೆ ದಿನಕ್ಕೆ 17.28 ಲಕ್ಷ ಲೀಟರ್. ಭಾಗಿಸಿದರೆ 100 ಮಿ.ಲೀ.ಗೆ ಸುಮಾರು 2,600. ಸ್ನಾನದ ನೀರಿಗೆ, ಇ. ಕೊಲೈ ಸೇರಿದ ಗುಂಪಾದ ಮಲಜನ್ಯ ಕೋಲಿಫಾರ್ಮ್‌ನ ಗರಿಷ್ಠ ಮಿತಿಯೇ 2,500. ಒಂದು ಹನಿ ಮಳೆ ಇಲ್ಲದೆ ಇಷ್ಟಾಯಿತು! ಶೇ. 5 ಎಂಬುದನ್ನು ನೀವೇ ಎಣಿಸಿ ತುಂಬಬೇಕು. ನೀರಲ್ಲಿ ನಿಂತ ಹೊತ್ತನ್ನು 24 ಗಂಟೆಯಿಂದ ಭಾಗಿಸಿದರೆ ಕಡಿಮೆ ಬರುತ್ತದೆ, ಏಕೆಂದರೆ ನೀರಿಗಿಳಿದ ದನ ಬೇರೆ ಹೊತ್ತಿಗಿಂತ ಹೆಚ್ಚು ಸಗಣಿ ಹಾಕುತ್ತದೆ.

ಕೊಟ್ಟಿಗೆ ತೊಳೆದ ನೀರು ಮಳೆಗೆ ಕಾಯುವುದಿಲ್ಲ, ಹಾಲು ಕರೆಯುವ ಎರಡೂ ಹೊತ್ತು ಹರಿಯುತ್ತದೆ. ಅದು ಹಳ್ಳ ಮುಟ್ಟುತ್ತದೋ ತೆಂಗಿನ ತೋಟದಲ್ಲಿ ಇಂಗುತ್ತದೋ ಎಂಬುದನ್ನು ನಕ್ಷೆ ಹೇಳದು. ಚರಂಡಿ ಹಿಡಿದು ಕೊನೆಯವರೆಗೆ ನಡೆದೇ ನೋಡಬೇಕು.

ಮಳೆನೀರಿನ ದಾರಿಗೆ ಕಾರ್ಟೋಡೆಮ್ ಎಂಬ ಉಪಗ್ರಹದ ಎತ್ತರದ ದತ್ತಾಂಶವನ್ನು (30 ಮೀಟರಿಗೆ ಒಂದು ಬಿಂದು) ನಕ್ಷೆಯ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ನಲ್ಲಿ ಹಾಕಿ ಜಲಾನಯನ ಗುರುತಿಸಿದೆವು. ಬದು, ರಸ್ತೆಯ ಮೋರಿ ಇದರಲ್ಲಿ ಕಾಣುವುದಿಲ್ಲ. ಅವನ್ನು ಕೈಯಲ್ಲೇ ತಿದ್ದಬೇಕು. ಹರಿವಿಗೆ ಕರ್ವ್ ನಂಬರ್ ವಿಧಾನ: ಮಣ್ಣು, ನೆಲದ ಬಳಕೆ ನೋಡಿ ನೆಲಕ್ಕೊಂದು ಅಂಕಿ ಕೊಟ್ಟು, ಮಳೆಯಲ್ಲಿ ಎಷ್ಟು ಹರಿಯುತ್ತದೆ ಎಂದು ಲೆಕ್ಕ ಹಾಕುವುದು. ನೆಲ ಹಿಡಿದಿಡಬಲ್ಲ ಗರಿಷ್ಠ ನೀರೇ ‘ಎಸ್’. ಎಡವುವುದು ಇಲ್ಲಿ: ಹೊರಗಿನ ಸಾಫ್ಟ್‌ವೇರ್‌ಗಳು ಆರಂಭಿಕ ಹೀರಿಕೆಯನ್ನು (ಹರಿವು ಶುರುವಾಗುವ ಮೊದಲು ನೆಲ ತಡೆಹಿಡಿಯುವ ಮಳೆ) 0.2ಎಸ್ ಎಂದು ಹಿಡಿಯುತ್ತವೆ, ನಮ್ಮ ಕೆಂಪುಮಣ್ಣಿಗೆ ಭಾರತದ ರೂಢಿ 0.3ಎಸ್. ಕರ್ವ್ ನಂಬರ್ 80 ಆದರೆ ಎಸ್ 63.5 ಮಿ.ಮೀ. 40 ಮಿ.ಮೀ. ಮಳೆಗೆ ಮೊದಲ ಲೆಕ್ಕದಲ್ಲಿ 8.2 ಮಿ.ಮೀ. ಹರಿದರೆ, ಎರಡನೆಯದರಲ್ಲಿ ಬರೀ 5.2. ಮಳೆಯ ಅಂಕಿಗೆ ಜಿಲ್ಲಾ ಸರಾಸರಿ ಬೇಡ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕ ಹಿಡಿಯಿರಿ. ಬೇಲೂರಿನಲ್ಲಿ ಬಿಸಿಲಿರುವಾಗ ಸಕಲೇಶಪುರದಲ್ಲಿ ಜಡಿಮಳೆ ಇರುವ ಸೀಮೆ ಇದು.

ಗೊಬ್ಬರ ಹೊಲಕ್ಕೆ ಹೋಗುವ ತಾರೀಖು ಮಾಡೆಲ್‌ನಲ್ಲಿ ಇರಲೇಬೇಕು. ಆಲೂಗಡ್ಡೆ, ರಾಗಿಗೆಂದು ಸುರಿದ ಗೊಬ್ಬರ ಮಣ್ಣಿಗೆ ಸೇರುವ ಮೊದಲೇ ಜೋರು ಮಳೆ ಬಿದ್ದರೆ ಹಳ್ಳಕ್ಕೆ ಹೋಗುವುದು ಆ ಮೊದಲ ಹರಿವಿನಲ್ಲೇ. ನೆಲದ ಮೇಲಿನ ಸಗಣಿಗೆ ಮೊದಲ ದಿನದಿಂದಲೇ ಸಾವಿನ ದರ ಹಾಕುವುದೂ ತಪ್ಪು: ಹಸಿ ಸಗಣಿಯ ಒಳಗೆ ತೇವ ಇರುವವರೆಗೆ ಇ. ಕೊಲೈ ಸಾಯುವ ಬದಲು ಹೆಚ್ಚುವುದುಂಟು. ನಾವು ಮೊದಲ ವಾರ ಸಂಖ್ಯೆಯನ್ನು ಹಾಗೇ ಬಿಟ್ಟು, ಆಮೇಲೆ ಇಳಿಸಿದೆವು.

ಹಳ್ಳದ ನೀರಿನಲ್ಲಿ ಸಾಯುವ ಲೆಕ್ಕಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 20 ಡಿಗ್ರಿಯಲ್ಲಿ ದಿನಕ್ಕೆ 0.5 ಎಂಬ ದರ, ಪ್ರತಿ ಡಿಗ್ರಿಗೆ 1.07ರ ಗುಣಕ ಹಿಡಿದರೆ 25 ಡಿಗ್ರಿಯಲ್ಲಿ 0.7. ಸೆಕೆಂಡಿಗೆ 0.3 ಮೀಟರ್ ಓಡುವ ನೀರು 2 ಕಿ.ಮೀ. ದಾಟಲು ಎರಡು ಗಂಟೆಯೂ ಬೇಡ. ಅಷ್ಟರಲ್ಲಿ ಸಾಯುವುದು ಶೇ. 5 ಮಾತ್ರ. ‘ಹರಿವ ನೀರು ತಾನೇ ಶುದ್ಧವಾಗುತ್ತದೆ’ ಎಂಬ ನಂಬಿಕೆ ಇಷ್ಟು ಚಿಕ್ಕ ಹಳ್ಳಕ್ಕೆ ಹೊಂದುವುದಿಲ್ಲ.

ಇಷ್ಟೆಲ್ಲ ಆದಮೇಲೂ ದನವೇ ಇಳಿಯದ ದಿನಗಳಲ್ಲಿ ಅಳತೆ ಮಾಡೆಲ್‌ಗಿಂತ ಮೇಲಿದ್ದರೆ ತಳದ ಕೆಸರನ್ನು ಅನುಮಾನಿಸಿ. ಕೆಸರಿನಲ್ಲಿ ಇ. ಕೊಲೈ ನೀರಿಗಿಂತ ಹೆಚ್ಚು ದಿನ ಬದುಕುತ್ತದೆ, ಹರಿವು ಏರಿದಾಗ ಮೇಲೇಳುತ್ತದೆ. ಪರೀಕ್ಷೆ ಸರಳ: ಒಂದು ಸ್ಯಾಂಪಲ್ ತೆಗೆದು, ಮೇಲುಗಡೆ ಒಂದು ಮೀಟರ್ ಉದ್ದ ತಳವನ್ನು ಕುಂಟೆಯಿಂದ ಕೆದಕಿ, ಕದಡಿದ ನೀರು ಬಂದಾಗ ಇನ್ನೊಂದು ತೆಗೆಯಿರಿ. ಎರಡನೆಯದು ಹತ್ತು ಪಟ್ಟು ಇದ್ದರೆ ಕೆಸರಿಗೂ ಒಂದು ಖಾತೆ ತೆರೆಯಿರಿ.

ಸ್ಯಾಂಪಲ್ ಸ್ಟೆರೈಲ್ ಬಾಟಲಿಯಲ್ಲಿ, ಬಾಯಿ ಹರಿವಿಗೆ ಎದುರಾಗಿ, ಮೇಲೆ ಸ್ವಲ್ಪ ಜಾಗ ಬಿಟ್ಟು. ಐಸ್ ಡಬ್ಬಿಯಲ್ಲಿಟ್ಟು ಆರರಿಂದ ಎಂಟು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಪ್ರಯೋಗಾಲಯದ್ದು ಎಂಪಿಎನ್ ಪರೀಕ್ಷೆ: ಎಷ್ಟು ಕೊಳವೆ ಪಾಸಿಟಿವ್ ಎಂದು ನೋಡಿ 100 ಮಿ.ಲೀ.ಯ ಸಂಖ್ಯೆ ಅಂದಾಜಿಸುವುದು. ಮಳೆ ದಿನದ ನೀರಿಗೆ 10, 1, 0.1 ಮಿ.ಲೀ.ಯ ಐದೈದು ಕೊಳವೆ ಸಾಲದು: ಎಲ್ಲವೂ ಪಾಸಿಟಿವ್ ಬಂದು ವರದಿಯಲ್ಲಿ ‘1,600ಕ್ಕಿಂತ ಹೆಚ್ಚು’ ಎಂದಷ್ಟೇ ಇರುತ್ತದೆ. ಅದರಿಂದ ಮಾಡೆಲ್ ಹೊಂದಿಸಲಾಗದು. ಸಾವಿರ ಪಟ್ಟಿನವರೆಗೆ ತೆಳುವಾಗಿಸಿ ಕೊಡಿ ಎಂದು ಮೊದಲೇ ಹೇಳಿ. ಊರಿನ ಮನೆಗಳ ಕೊಳಚೆಯೂ ಸೇರುವುದರಿಂದ ಊರಿಗೆ ಮೇಲೆ, ಕೆಳಗೆ ಎರಡೂ ಕಡೆ ತೆಗೆಯಬೇಕು.

ಮಾಡೆಲ್ ಉತ್ತರವನ್ನು ಅಳತೆಗೆ ಹೋಲಿಸುವಾಗ ಲಾಗರಿದಮ್ ಹಾಕಿದ ಅಂಕಿಗಳನ್ನೇ ಹೋಲಿಸಿ. ಎಂಪಿಎನ್ ಪರೀಕ್ಷೆಯ ಉತ್ತರವೇ ನಿಜಸಂಖ್ಯೆಯ ಮೂರನೇ ಒಂದು ಭಾಗದಿಂದ ಮೂರು ಪಟ್ಟಿನವರೆಗೆ ಆಚೀಚೆ ಇರಬಹುದು. ಮಾಡೆಲ್ ಅಷ್ಟರೊಳಗೆ ಬಂದರೆ ಸಾಕು, ಇನ್ನೂ ತಿರುಚುವ ಅಗತ್ಯವಿಲ್ಲ. ಆಮೇಲೆ ಶೇ. 5 ಅನ್ನು ಶೇ. 1ಕ್ಕೆ ಇಳಿಸಿ ಓಡಿಸಿ ನೋಡಿ: ದಂಡೆಯಿಂದ ದೂರ ಒಂದು ನೀರಿನ ತೊಟ್ಟಿ ಕಟ್ಟಿದರೆ ಆಗಬಹುದಾದ ಬದಲಾವಣೆ ಅದು. ಮೇಲಿನ ಲೆಕ್ಕದ 2,600 ಬೇಸಿಗೆಯಲ್ಲಿ 520ಕ್ಕೆ ಬರುತ್ತದೆ.